ಅಳತೆಗೊಂದು ಹಳೇ ಬ್ಲೌಸು

ಭಾನುವಾರ, ಜನವರಿ ಹನ್ನೊಂದು

ಪ್ರೀತಿಯ ಗುಬ್ಬಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಮೊದಲು ನನ್ನನ್ನು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಎಷ್ಟು ಕಾಲವಾಯಿತೋ, ಗುಂಡಿ ಡಬ್ಬಿಯ ಕೆಳಗೆ ಕೂತು ದಿನಾ ನನ್ನ ಮುಖವನ್ನೇ ನೋಡುತ್ತಿದೆ. ಬರೆಯೋಣವೆಂದು ಕೂತಾಗಲೆಲ್ಲ ಯಾರಾದರೊಬ್ಬರು ಕಿತ್ತುಹೋದ ಜಿಪ್ಪು ಹಿಡಿದುಕೊಂಡು ಬಂದುಬಿಡುತ್ತಾರೆ. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಏನು ಬರೆಯಬೇಕೆಂದು ನನಗೇ ಗೊತ್ತಾಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಎದುರಿಗೇ ಕೂತು ಮಿಷನ್ ತುಳಿಯುತ್ತಿರುತ್ತಾರೆ. ಇವತ್ತು ಅಂಗಡಿಗೆ ರಜ. ಅವರು ದಾರ, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ಎರಡು ವಿಷಯ ಕೇಳಿದ್ದೆ. ಯಾಕೆ ದನಿ ಸೋತ ಹಾಗಿದೆ ಅಂತ ಒಂದು. ನನ್ನ ಮಗಳು ನಿನಗೆ ಕಳಿಸಿದ ಫೋಟೊ ನೋಡಿ, ಆ ನೀಲಿ ಬ್ಲೌಸು ಹಾಕಿಕೊಂಡು ಯಾಕೆ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೀಯ, ಸೈನ್ಯಕ್ಕೇನಾದರೂ ಸೇರಿಕೊಂಡೆಯಾ ಅಂತ ಇನ್ನೊಂದು. ಎರಡನೆಯದರಲ್ಲಿ ಏನೂ ಇಲ್ಲ ಮಾರಾಯ್ತಿ, ಫೋಟೊ ಅಂದರೆ ನಾನು ಯಾವತ್ತೂ ಹಾಗೆಯೇ. ಬ್ಲೌಸು ನಮ್ಮ ಮದುವೆಯಾದ ದಿನಕ್ಕೆಂದು ನಿನ್ನ ಭಾವ ಹೊಲಿದುಕೊಟ್ಟದ್ದು. ಪ್ರತಿ ವರ್ಷ ಹೊಲಿಯುತ್ತಾರಲ್ಲ, ಈ ಸಲವೂ ಹೊಲಿದರು. ಬಣ್ಣ ಚೆನ್ನಾಗಿದೆ. ಮೊದಲನೆಯದಕ್ಕೆ ಉತ್ತರ ಉದ್ದವಿದೆ, ಕೂತುಕೊಂಡು ಓದು.

ನನಗೆ ಮುಟ್ಟು ನಿಲ್ಲುತ್ತಿದೆ, ಗುಬ್ಬಿ. ನಿಲ್ಲುವುದೆಂದರೆ ನಲ್ಲಿ ತಿರುಗಿಸಿದ ಹಾಗೆ ಒಂದು ದಿನ ನಿಂತುಬಿಡುತ್ತದೆ, ಪೀಡೆ ಕಳೆಯಿತು ಅಂತ ಹಾಯಾಗಿರಬಹುದು ಅಂದುಕೊಂಡಿದ್ದೆ. ಎಲ್ಲಿಯ ಹಾಯಿ! ಮೂರು ತಿಂಗಳು ಪತ್ತೆಯೇ ಇಲ್ಲ, ಆಮೇಲೆ ಹೇಳದೆ ಕೇಳದೆ ಬಂದು ಕೂತರೆ ವಾರಗಟ್ಟಲೆ ಏಳುವುದಿಲ್ಲ, ಥೇಟ್ ನಮ್ಮ ಸೋದರತ್ತೆಯ ಹಾಗೆ. ಅದನ್ನಾದರೂ ಸಹಿಸಬಹುದು. ಈ ಬಿಸಿ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಸುಮ್ಮನೆ ನಿಂತಿರುತ್ತೇನೆ. ಎದೆಯ ಹತ್ತಿರ ಎಲ್ಲೋ ಶುರುವಾಗಿ ಕುತ್ತಿಗೆಗೆ ಏರಿ, ಕಿವಿ ಕಾದು, ನೆತ್ತಿಯವರೆಗೂ ಹತ್ತಿಕೊಳ್ಳುತ್ತದೆ. ಎದೆ ಡವಡವ ಅನ್ನುತ್ತದೆ. ಆಮೇಲೆ ಬೆವರು. ಅದು ಇಳಿದ ಮೇಲೆ ಚಳಿ. ಹೊರಗೆ ಜನ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರೆ ನಾನು ಕಟಿಂಗ್ ಸ್ಕೇಲಿನಿಂದ ಗಾಳಿ ಹಾಕಿಕೊಳ್ಳುತ್ತಿರುತ್ತೇನೆ.

ಅಂಗಡಿಯಲ್ಲಿ ಫ್ಯಾನು ಹಾಕುವ ಹಾಗಿಲ್ಲ, ನಿನಗೆ ಗೊತ್ತಲ್ಲ. ಹಾಕಿದರೆ ಕಾಗದದ ಅಚ್ಚುಗಳೆಲ್ಲ ಹಾರಿ ರಸ್ತೆಗೆ ಹೋಗುತ್ತವೆ. ಕೈಯಲ್ಲಿ ಸೀಮೆಸುಣ್ಣ ಒದ್ದೆಯಾಗಿ ಗೆರೆಯೇ ಮೂಡುವುದಿಲ್ಲ. ಒಂದು ಸಲ ಗಿರಾಕಿಯೊಬ್ಬರ ರೇಷ್ಮೆ ಬಟ್ಟೆಯ ಮೇಲೆ ನನ್ನ ಹಣೆಯ ಬೆವರು ತೊಟ್ಟಿಕ್ಕಿತು. ಆವತ್ತಿನಿಂದ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡೇ ಕೆಲಸ ಮಾಡುತ್ತೇನೆ. ಕನ್ನಡಿಯಲ್ಲಿ ನೋಡಿಕೊಂಡಾಗ ಅಮ್ಮ ಕಂಡಳು. ಅಡುಗೆ ಮಾಡುತ್ತಾ ಮಾಡುತ್ತಾ ಸೌಟು ಬಿಟ್ಟು ಹಿಂಬಾಗಿಲಿಗೆ ಹೋಗಿ, ಪಾತ್ರೆಯ ಮುಚ್ಚಳದಿಂದ ಗಾಳಿ ಬೀಸಿಕೊಳ್ಳುತ್ತಾ ನಿಂತಿರುತ್ತಿದ್ದಳಲ್ಲ, ನೆನಪಿದೆಯಾ? ನಾವು ಅಮ್ಮನಿಗೆ ತಲೆನೋವು ಅಂದುಕೊಂಡು ಗಲಾಟೆ ಕಡಿಮೆ ಮಾಡುತ್ತಿದ್ದೆವು. ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಇನ್ನು ನಾಲ್ಕೈದು ವರ್ಷಕ್ಕೆ ನಿನ್ನ ಸರದಿ. ಆಗ ಇದೇನು ಹುಚ್ಚು ಹಿಡಿಯಿತಾ ಅಂತ ಹೆದರಬೇಡ.

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಒಳ್ಳೆಯ ಹೆಂಗಸು, ಅವಸರ ಮಾಡಲಿಲ್ಲ. ಇದು ಕಾಯಿಲೆಯಲ್ಲ, ಆದರೆ ಕಷ್ಟ ಕೊಡುವುದಂತೂ ನಿಜ, ಕೆಲವರಿಗೆ ಕೆಲವು ವರ್ಷ ಹಿಡಿಯುತ್ತದೆ ಅಂದರು. ರಕ್ತ ಪರೀಕ್ಷೆ ಬರೆದುಕೊಟ್ಟರು, ಕಾಫಿ ಕಡಿಮೆ ಮಾಡಿ, ನಡೆಯಿರಿ ಅಂದರು, ತಡೆಯಲಾಗದಿದ್ದರೆ ಮಾತ್ರೆಗಳಿವೆ, ಮುಂದಿನ ಸಲ ಮಾತಾಡೋಣ ಅಂದರು. ಸಿಟ್ಟು, ಅಳು, ನಿದ್ದೆ ಬಾರದಿರುವುದು, ಮೈಕೈ ಹಿಡಿದುಕೊಳ್ಳುವುದು, ಮರೆವು ಎಲ್ಲಕ್ಕೂ ಅದೇ ಮೂಲವಂತೆ. ಹೇಳಲು ನಾಚಿಕೆಯಾಗುವ ಇನ್ನೊಂದು ನೋವಿದೆ, ಗಂಡ ಹೆಂಡಿರ ನಡುವಿನದು, ಅದಕ್ಕೂ ಔಷಧಿ ಇದೆಯಂತೆ. ಕೊನೆಗೆ ಕೇಳಿದರು, "ಯಜಮಾನರಿಗೆ ಗೊತ್ತಾ ಇದೆಲ್ಲ?" ಗೊತ್ತು ಅಂದೆ. ಸುಳ್ಳು ಹೇಳಿದೆ. ಮೂವತ್ತು ವರ್ಷಕ್ಕೆ ಹತ್ತಿರ ಬಂತು ಸಂಸಾರ, ಊರಿನವರ ಎದೆ ಸೊಂಟದ ಅಳತೆಯೆಲ್ಲ ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು ಬದುಕಿದವರು ನಾವು, ಈ ಒಂದು ಮಾತು ಬಾಯಿಗೆ ಬರುವುದಿಲ್ಲ ನೋಡು. ಮಗಳಿಗೆ ಹೇಳೋಣವೆಂದರೆ ಅವಳು ಹಾಸ್ಟೆಲಿನಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿದ್ದಾಳೆ.

ಮರೆವಿನ ಕಥೆ ಕೇಳು, ನಗು ಬರುತ್ತದೆ. ಮೊನ್ನೆ "ಸೂಜಿ" ಅನ್ನುವ ಮಾತೇ ನೆನಪಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಸೂಜಿ ಹಿಡಿದವಳು ನಾನು. "ರೀ, ಆ ಚುಚ್ಚೋದು ಕೊಡಿ" ಅಂದೆ. ಅವರು ಕತ್ತರಿ ಕೊಟ್ಟರು. ಅದಕ್ಕೆ ಮೈಯೆಲ್ಲ ಉರಿದು, ಇಷ್ಟು ವರ್ಷವಾದರೂ ನನ್ನ ಮನಸ್ಸು ನಿಮಗೆ ಗೊತ್ತಾಗುವುದಿಲ್ಲ ಅಂತ ಹಾರಾಡಿದೆ. ಗಿರಾಕಿಗಳು ಇದ್ದರು. ನಿನ್ನ ಭಾವ ತಲೆ ತಗ್ಗಿಸಿ ಹೊಲಿಗೆ ಹಾಕುತ್ತಲೇ ಇದ್ದರು. ನಾನು ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಅತ್ತೆ. ಯಾಕೆ ಅತ್ತೆ ಅಂತ ಸೊಪ್ಪನ್ನೇ ಕೇಳಬೇಕು.

ಆದರೆ ಕೋಟಿನ ಕಥೆಗೆ ನಗು ಬರುವುದಿಲ್ಲ. ಬ್ಯಾಂಕಿನ ಮೇಡಂ ಒಂದು ಉಣ್ಣೆಯ ಬಟ್ಟೆ ಕೊಟ್ಟಿದ್ದರು, ಕೋಟು ಹೊಲಿಯಲು. ಬಟ್ಟೆ ಕಡಿಮೆಯಿತ್ತು. ಮಡಿಸಿಟ್ಟು ಎರಡು ತೋಳನ್ನೂ ಒಟ್ಟಿಗೆ ಕತ್ತರಿಸುವಷ್ಟು ಇರಲಿಲ್ಲ. ಹಾಗಿದ್ದಾಗ ಒಂದು ತೋಳು ಕತ್ತರಿಸಿ, ಕಾಗದದ ಅಚ್ಚನ್ನು ಮಗುಚಿ ಹಾಕಿ, ಇನ್ನೊಂದು ತೋಳು ಕತ್ತರಿಸಬೇಕು. ಹೊಲಿಗೆ ಕಲಿಯಲು ಬರುವವರಿಗೆ ನಾನೇ ಮೊದಲ ವಾರದಲ್ಲಿ ತಲೆಗೆ ಮೊಟಕಿ ಹೇಳಿಕೊಡುವ ಪಾಠ ಇದು. ಆವತ್ತು ನಡುವೆ ಬಿಸಿ ಹತ್ತಿಕೊಂಡಿತು, ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ, ಮಗುಚುವುದನ್ನು ಮರೆತೆ. ಎರಡೂ ಎಡತೋಳು.

ನಿನ್ನ ಭಾವ ಹೊಲಿಯಲು ಎತ್ತಿಕೊಂಡವರು ಮಿಷನ್ ನಿಲ್ಲಿಸಿದರು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಎರಡೂ ಒಂದೇ ಕಡೆಗೆ ಬಾಗಿಕೊಂಡು ಕೂತಿದ್ದವು. ನಾನು ಒಳಗೊಳಗೇ ಕಾಯುತ್ತಿದ್ದೆ, ಗುಬ್ಬಿ. ಹಿಂದೆಲ್ಲ ಆಗಿದ್ದರೆ, ಮೇಡಂಗೆ ಇನ್ನೊಂದು ಎಡಗೈ ಹಚ್ಚಿಸಿಕೊಂಡು ಬರೋಕೆ ಹೇಳೋಣ ಅಂತ ಏನಾದರೂ ಅನ್ನುತ್ತಿದ್ದರು. ಇಬ್ಬರೂ ವಾರವಿಡೀ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಬೈದಿದ್ದರೂ ಸರಿಯಿತ್ತು. ಅವರು ನನ್ನ ಮುಖ ನೋಡದೆ, "ಪರವಾಗಿಲ್ಲ ಬಿಡು. ಸ್ವಲ್ಪ ದಿನ ನೀನು ಗುಂಡಿ, ಕಾಜ ನೋಡ್ಕೋ. ಕಟಿಂಗ್ ನಾನೇ ಮಾಡ್ತೀನಿ" ಅಂದರು. ಉಳಿದಿದ್ದ ಚೂರುಗಳನ್ನು ಕಂಕುಳ ಕೆಳಗೆ ಕಾಣದ ಹಾಗೆ ಸೇರಿಸಿ ಬಲತೋಳು ಮಾಡಿದರು. ಮೇಡಂ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ ಹೊಗಳಿ ಹೋದರು.

ಅಂದಿನಿಂದ ಮೇಜಿನ ಹತ್ತಿರ ನನಗೆ ಕೆಲಸವಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹೊಲಿಯುತ್ತೇನೆ. ಅವರೇ ಕತ್ತರಿಸುತ್ತಾರೆ, ಅವರೇ ಹೊಲಿಯುತ್ತಾರೆ. ಮೊದಲು ಮೇಜಿನ ಈ ಕಡೆಯಿಂದ ಆ ಕಡೆಗೆ ಎಷ್ಟೊಂದು ಮಾತು ಓಡಾಡುತ್ತಿತ್ತು, ಯಾರ ಹೊಟ್ಟೆ ಬೆಳೆಯಿತು, ಯಾವ ಮುದುಕನಿಗೆ ಬಿಗಿ ಪ್ಯಾಂಟಿನ ಚಪಲ ಹತ್ತಿತು ಅಂತ. ಈಗ "ದಾರ ಇದೆಯಾ", "ಇದೆ", ಅಷ್ಟೇ. ಜಗಳವೇನೂ ಇಲ್ಲ. ಜಗಳವಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನೊಂದು ಸುದ್ದಿಯನ್ನೂ ಹೇಳಿಬಿಡುತ್ತೇನೆ, ನೀನು ಗಾಬರಿಯಾಗಬೇಡ. ನಿನ್ನ ಭಾವ ಈಗ ಅಂಗಡಿಯಲ್ಲೇ ಮಲಗುತ್ತಾರೆ, ಕಟಿಂಗ್ ಮೇಜಿನ ಮೇಲೆ ಹಾಸಿಗೆ ಹಾಕಿಕೊಂಡು. ಮಳೆಗಾಲ ಮುಗಿಯುವ ಹೊತ್ತಿನ ಮಾತು ಅದು. ಅವರಿಗೆ ಫ್ಯಾನಿನ ಗಾಳಿಗೆ ಕೆಮ್ಮು, ನನಗೆ ಫ್ಯಾನಿಲ್ಲದೆ ಜೀವ ಹೋಗುತ್ತದೆ. ಹೊದ್ದಿದ್ದನ್ನು ಒದೆಯುತ್ತೇನೆ, ಮತ್ತೆ ಎಳೆದುಕೊಳ್ಳುತ್ತೇನೆ, ಎದ್ದು ಕೂರುತ್ತೇನೆ. ಒಂದು ಸಲ ನಿದ್ದೆಗಣ್ಣಿನಲ್ಲಿ ಅವರ ಕೈ ನನ್ನ ಸೊಂಟದ ಮೇಲೆ ಬಿತ್ತು, ಅದೇ ಹೊತ್ತಿಗೆ ಬಿಸಿ ಹತ್ತಿತ್ತು. "ಮುಟ್ಟಬೇಡಿ ನನ್ನ, ದೂರ ಹೋಗಿ" ಅಂತ ಕಿರುಚಿದೆ. ಅಷ್ಟು ಜೋರಾಗಿ ಅನ್ನಬೇಕೆಂದು ಇರಲಿಲ್ಲ. ನಿನ್ನ ಭಾವನ ಸ್ವಭಾವ ನಿನಗೆ ಗೊತ್ತು. ಗಿರಾಕಿ ಹೇಳಿದ್ದಕ್ಕಿಂತ ಒಂದು ಎಳೆ ಆಚೀಚೆ ಕತ್ತರಿಸುವವರಲ್ಲ. ದೂರ ಹೋಗಿ ಅಂದೆ, ಹೋದರು. ಮರುದಿನ ದಿಂಬು ಎತ್ತಿಕೊಂಡು, "ನೀನು ಆರಾಮಾಗಿ ಮಲಕ್ಕೋ" ಅಂದರು. ಮುನಿಸೇನೂ ಇರಲಿಲ್ಲ ದನಿಯಲ್ಲಿ. ಈಗ ಹಾಸಿಗೆಯೆಲ್ಲ ನನ್ನದೇ, ಅಡ್ಡಡ್ಡ ಬೇಕಾದರೂ ಮಲಗಬಹುದು, ಫ್ಯಾನು ಎಷ್ಟು ಬೇಕೋ ಅಷ್ಟು ಜೋರಾಗಿ ಹಾಕಬಹುದು. ನೆಮ್ಮದಿ ಅಂತ ನೀನು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಬೆವರು ಇಳಿದ ಮೇಲೆ ಚಳಿಯಾಗುತ್ತದೆ ಅಂದೆನಲ್ಲ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇರಲಿ ಬಿಡು. ನಿನ್ನ ಮಂಡಿನೋವು ಹೇಗಿದೆ? ನಿನ್ನ ಯಜಮಾನರು ಹೊಸ ಕನ್ನಡಕ ಮಾಡಿಸಿಕೊಂಡರಾ, ಇಲ್ಲಾ ಇನ್ನೂ ಪೇಪರನ್ನು ಮೂಗಿಗೆ ಒತ್ತಿಕೊಂಡೇ ಓದುತ್ತಾರಾ? ಹತ್ತಿ ಬಟ್ಟೆ ಹಾಕಿಕೋ. ಮುಟ್ಟು ಹೆಚ್ಚುಕಡಿಮೆಯಾಗಲು ಶುರುವಾದರೆ ನನ್ನ ಹಾಗೆ ವರ್ಷಗಟ್ಟಲೆ ಉಗುಳು ನುಂಗಿಕೊಂಡು ಕೂರಬೇಡ, ಡಾಕ್ಟರ ಹತ್ತಿರ ಹೋಗು, ಹೋಗುವಾಗ ನಿನ್ನ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗು. ಇದೊಂದು ಮಾತು ನಡೆಸಿಕೊಡು. ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ತಣ್ಣಗಿರಿ. ತಣ್ಣಗಿರುವುದು ಎಷ್ಟು ದೊಡ್ಡ ಭಾಗ್ಯ ಅಂತ ನನಗೆ ಈಗ ಗೊತ್ತಾಗಿದೆ, ಅದನ್ನೇ ಹರಸುತ್ತೇನೆ.

ನಿನ್ನ
ಅಕ್ಕ

ಮತ್ತೆ ಒಂದು ಮಾತು: ಕಾಗದ ಮಡಿಸಿ ಅಂಟು ಹಚ್ಚುವವಳಿದ್ದೆ, ಮನಸ್ಸು ಬರಲಿಲ್ಲ. ಫೋಟೊದ ಬಗ್ಗೆ ಸುಳ್ಳು ಬರೆದೆ. ಆ ನೀಲಿ ಬ್ಲೌಸು ನನಗೆ ಬಿಗಿ, ಗುಬ್ಬಿ. ಉಸಿರು ಪೂರ್ತಿ ಬಿಟ್ಟರೆ ಹೊಲಿಗೆ ಬಿಡುತ್ತದೆ, ಅದಕ್ಕೇ ಹಾಗೆ ನಿಂತಿದ್ದೆ.

ಪ್ರತಿ ವರ್ಷ ಮದುವೆಯ ದಿನ ಹತ್ತಿರ ಬಂದಾಗ ಅಂಗಡಿಯ ಶಟರ್ ಎಳೆದು, ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ನಿನ್ನ ಭಾವ ತಾವೇ ಟೇಪು ಹಿಡಿದು ಅಳತೆ ತೆಗೆಯುತ್ತಾರೆ. ಹೋದ ವರ್ಷದ ಅಳತೆ ಇದ್ದೇ ಇರುತ್ತದೆ, ಆದರೂ ಹೊಸದಾಗಿಯೇ ತೆಗೆಯಬೇಕು. ಭುಜ, ತೋಳು, ಎದೆ, ಸೊಂಟ. "ಉಸಿರು ಬಿಡಿ ಮೇಡಂ, ನಾನು ಹೊಲಿಯೋದು ಮನುಷ್ಯರಿಗೆ, ಬೊಂಬೆಗಲ್ಲ" ಅನ್ನುತ್ತಾರೆ. ಪ್ರತಿ ವರ್ಷವೂ ಅದೇ ಮಾತು, ಪ್ರತಿ ವರ್ಷವೂ ನನಗೆ ನಗು.

ಈ ಸಲ ಅವರು ಶಟರ್ ಎಳೆಯುವುದನ್ನೇ ಕಾಯುತ್ತಿದ್ದೆ. ತಲೆ ಬಾಚಿಕೊಂಡು ಬಂದು ಕನ್ನಡಿಯ ಹತ್ತಿರ ನಿಂತೂ ಇದ್ದೆ. ಅವರು ಟೇಪನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ನೇತುಹಾಕಿ, "ಅಳತೆಗೆ ಒಂದು ಹಳೇ ಬ್ಲೌಸ್ ಕೊಟ್ಟಿರು" ಅಂದರು. ದಾರಿಯಲ್ಲಿ ಹೋಗುವ ಯಾವ ಗಿರಾಕಿಗಾದರೂ ಹಾಗೇ ಅನ್ನುತ್ತಾರೆ. ನಾನು ಒಳಗೆ ಹೋಗಿ ಅದರ ಹಿಂದಿನ ವರ್ಷದ್ದನ್ನು ತಂದುಕೊಟ್ಟೆ. ಅದು ಆಗಲೇ ನನಗೆ ಬಿಗಿಯಾಗಿತ್ತು. ಸೊಂಟ ದಪ್ಪವಾಗಿದೆ, ಎದೆ ಬೇರೆಯಾಗಿದೆ, ಮೈಯೇ ಬೇರೆಯಾಗಿದೆ. ಹೇಳಲಿಲ್ಲ. ಅವರು ಅದರ ಪ್ರಕಾರವೇ ಹೊಲಿದರು, ಒಂದು ಎಳೆ ಆಚೀಚೆ ಇಲ್ಲದ ಹಾಗೆ. ಅವರಿಗೆ ಕೋಪವಿಲ್ಲ, ನನಗೆ ಗೊತ್ತು. ಮುಟ್ಟಬೇಡಿ ಅಂದಿದ್ದೇನೆ, ಅದಕ್ಕೆ ಮುಟ್ಟುವುದಿಲ್ಲ. ಬಿಸಿ ಇರುವುದು ಸ್ವಲ್ಪ ಹೊತ್ತು, ಆಮೇಲೆ ದಿನವೆಲ್ಲ ನನಗೆ ಅವರ ಕೈ ಬೇಕಾಗಿರುತ್ತದೆ ಅಂತ ಹೇಗೆ ಹೇಳುವುದು ಗುಬ್ಬಿ? ನನ್ನ ಕೈಯಲ್ಲಿ ಆಗುವುದಿಲ್ಲ.

ಮುಂದಿನ ಸಲ ಫೋನು ಮಾಡಿದಾಗ ಭಾವನ ಕೈಗೆ ಕೊಡು ಅನ್ನು. ಅದೂ ಇದೂ ಮಾತಾಡುತ್ತಾ, "ಭಾವ, ಫೋಟೊ ನೋಡಿದೆ, ಅಕ್ಕನಿಗೆ ಬ್ಲೌಸು ಬಿಗಿಯಾಗಿದೆ, ಹಳೇ ಅಳತೆ ಈಗ ಸರಿಹೋಗಲ್ಲ, ನೀವೇ ಟೇಪು ಹಿಡೀಬೇಕು" ಅಂತ ಹೇಳು. ಬೇರೆ ಏನೂ ಹೇಳಬೇಡ. ಅವರು ಏನನ್ನುತ್ತಾರೋ, ನಾನು ಕಿಟಕಿಯ ಪಕ್ಕ ಗುಂಡಿ ಹೊಲಿಯುತ್ತಾ ಕೇಳಿಸಿಕೊಳ್ಳುತ್ತಿರುತ್ತೇನೆ.