ಸಂಡೂರಿನಲ್ಲಿ ಸಿಂಚನಾ ಕುಣಿದದ್ದು

ಯಶವಂತನಗರ

ಶ್ರೀಪ್ರಿಯಾ ಮೇಡಂ ಅವರಿಗೆ ಸಿಂಚನಾಳ ತಾಯಿ ಕೊಟ್ರಮ್ಮನ ನಮಸ್ಕಾರ.

ಮೊನ್ನೆ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ನೀವು ಕಲಿಸಿದ ಕುಣಿತ ನೋಡಿದೆ. ನನ್ನ ಮಗಳು, ಬಸ್ಸಿನಲ್ಲಿ ಒಬ್ಬ ತನ್ನ ಮೈಮೇಲೆ ಕೈ ಹಾಕಿದ್ದನ್ನು ಅಷ್ಟು ಜನರೆದುರು ಹಾಡಿ ಕುಣಿದಳು. ಮುಗಿದ ಮೇಲೆ ಓಡಿಬಂದು ನಿಮ್ಮನ್ನು ತಬ್ಬಿಕೊಂಡು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಳ್ಳೇಕೆ ಹೇಳಲಿ ಮೇಡಂ, ಹೊಟ್ಟೆ ಉರಿಯಿತು.

ಅವಳು ಮೊದಲು ಹೇಳಿದ್ದು ನನಗೇ. “ಸುಮ್ನಿರವ್ವಾ, ಯಾರ ಮುಂದೂ ಹೇಳಬ್ಯಾಡ” ಅಂದುಬಿಟ್ಟೆ. ಆಮೇಲೆ ಅವಳು ಹೇಳಿದ್ದೆಲ್ಲ ನಿಮಗೆ.

ಭಾನುವಾರ ಕಂಪ್ಲಿಯಲ್ಲಿ ಮತ್ತೆ ಕುಣಿತವಿದೆಯಂತೆ. ಭಜನೆಗೆ ಹೋಗಿ ಹೋಗಿ ನನಗೆ ತಾಳ ಹಾಕಲು ಬರುತ್ತದೆ. “ನಿಮ್ಮವ್ವ ತಾಳ ಹಾಕಲೇನು?” ಎಂದು ನೀವೇ ಅವಳನ್ನು ಕೇಳಿ. ನಾನು ಕೇಳಿದರೆ ಬೇಡ ಎಂದಾಳು.

ನಿಮ್ಮ ಉತ್ತರಕ್ಕೆ ಕಾಯುವ,
ಕೊಟ್ರಮ್ಮ