ಮಿಂಚುಳ್ಳಿಯ ನೀಲಿ

ಮಾರ್ಚ್ 4
ಇವತ್ತೂ ಕಾಲು, ಉಗುರು, ಕೊಕ್ಕು. ಅಚ್ಚಾಗಿ ಬಂದ ಹಕ್ಕಿ ಚಿತ್ರಗಳಿಗೆ ಕೈಯಲ್ಲಿ ಬಣ್ಣ ತುಂಬುವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಪಾಲಿಗೆ ಇಷ್ಟೇ. ನಾದಿನಿ ಒಳಕೋಣೆಯಲ್ಲಿ ಎದೆಗೆ ಕೇಸರಿ ಹಚ್ಚಿ ಕಳಿಸುತ್ತಾಳೆ. ಅತ್ತೆ ಕಿಟಕಿ ಪಕ್ಕ ಕೂತು ಬೆನ್ನು, ರೆಕ್ಕೆ. ಕೊನೆಗೆ ನಾನು. ರೆಕ್ಕೆ ಕೊಡಿ ಎಂದು ಕೇಳಿದೆ. "ನಿನಗೆ ಕಾಗೆ ಕೊಟ್ರೂ ಕೆಡಿಸ್ತೀಯ" ಎಂದು ಬ್ರಶ್ಶಿನ ಹಿಡಿಯಿಂದ ಬೆರಳ ಗಂಟಿಗೆ ಕುಟ್ಟಿದರು. ಒಳಗಿನಿಂದ ನಾದಿನಿಯ ನಗು. ಇಬ್ಬರೂ ಹಾಳಾಗಿ ಹೋಗಲಿ.

ಮಾರ್ಚ್ 9, ಮಧ್ಯಾಹ್ನ
ಮಿಂಚುಳ್ಳಿ ಶುರು. ಅತ್ತೆ ಹಚ್ಚಿದ ನೀಲಿ ನೋಡಿ ಬೆಚ್ಚಿದೆ — ಮಸಿ ಕುಡಿಕೆಯಲ್ಲಿ ಬಿದ್ದೆದ್ದ ಹಕ್ಕಿ! ಅವರು ಬೆಳಕಿಗೆ ತಿರುಗಿದಾಗ ಕಂಡಿತು, ಕಣ್ಣಿಗೆ ಪೊರೆ ಬಂದಿದೆ. ನೀಲಿ ಕಾಣುತ್ತಿಲ್ಲ. ಅದಕ್ಕೇ ಬಳಿದದ್ದರ ಮೇಲೆ ಬಳಿಯುತ್ತಿದ್ದಾರೆ.
"ಹೇಗಿದೆಯೇ?" ಎಂದರು. ನನ್ನನ್ನು ಕೇಳಿದ್ದು ಇದೇ ಮೊದಲು.
"ತುಂಬಾ ಚೆನ್ನಾಗಿದೆ ಅತ್ತೆ. ಇನ್ನೊಂದು ಕೈ ಹಾಕಿದ್ರೂ ಆಗುತ್ತೆ."
ಹಾಕಿದರು.

ಮಾರ್ಚ್ 10
ಮತ್ತೆ ಕೇಳಿದರು. ಚೆನ್ನಾಗಿದೆ ಎಂದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಾರ್ಚ್ 17
ದಿನಾ ಕೇಳುತ್ತಾರೆ. ಗಂಡನಿಗೆ ಹೇಳಿಲ್ಲ — ಅಮ್ಮನ ಮಗ, ಹೋಗಿ ಕಿವಿಯಲ್ಲಿ ಊದಿಬಿಡುತ್ತಾರೆ. ಒಣಗಿದ ಹಾಳೆ ಕಟ್ಟುವವಳೂ ನಾನೇ, ಬೇರೆ ಯಾರೂ ನೋಡುವುದಿಲ್ಲ. ಇವತ್ತು ಅತ್ತೆ ನೀರಿನ ಲೋಟಕ್ಕೆ ತಡಕಾಡಿದರು. ಲೋಟವನ್ನು ಇನ್ನೂ ಸ್ವಲ್ಪ ಆಚೆ ಸರಿಸಿದೆ. ಇಷ್ಟು ಖುಷಿಯಾಗುತ್ತದೆ ಎಂದು ಗೊತ್ತಿರಲಿಲ್ಲ.

ಏಪ್ರಿಲ್ 2, ಬೆಳಿಗ್ಗೆ
ಹಾಳೆಗಳ ಕಟ್ಟು ಪುಸ್ತಕ ಅಚ್ಚು ಹಾಕಿಸುವ ಯಜಮಾನರಿಗೆ ಹೋಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕಿಟಕಿ ಪಕ್ಕದ ಕುರ್ಚಿಗೆ ಹೊಸ ದಿಂಬು ಹೊಲಿಯುತ್ತಿದ್ದೇನೆ.

ಏಪ್ರಿಲ್ 5
ಪುಸ್ತಕದ ಯಜಮಾನರು ಬಂದು ಕಟ್ಟನ್ನು ಮೇಜಿನ ಮೇಲೆ ಎಸೆದರು. "ಏನಮ್ಮ ಇದು? ಮಿಂಚುಳ್ಳೀನಾ? ಒಂದನ್ನೂ ಮಾರೋ ಹಾಗಿಲ್ಲ."
ಅತ್ತೆ ಹಾಳೆಯನ್ನು ಮೂಗಿನ ತನಕ ತಂದುಕೊಂಡರು. ಅತ್ತರು. "ಕಣ್ಣು ಮಂಜಾಗಿದೆ ಸ್ವಾಮಿ. ಇನ್ನು ನಾನು ನೀಲಿ ಮುಟ್ಟಲ್ಲ."
"ಹಾಗಾದ್ರೆ ಯಾರು ಹಚ್ತಾರೆ? ಸೊಸೆನಾ?"
ನಾನು ಸೆರಗು ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.
"ಬೇಡ ಸ್ವಾಮಿ. ಪಾಪ, ಅವಳ ಕಣ್ಣು ನನ್ನದಕ್ಕಿಂತ ಕೆಟ್ಟಿದೆ. ದಿನಾ ಅವಳನ್ನ ಕೇಳೇ ಹಚ್ಚಿದ್ದು. ಪ್ರತಿ ಸಲಾನೂ ಚೆನ್ನಾಗಿದೆ ಅಂದ್ಲು. ಈ ವಯಸ್ಸಿಗೇ ಹೀಗಾಗಬಾರದಿತ್ತು..." ಎಂದು ನನ್ನ ತಲೆ ಸವರಿದರು. ತಿಳಿದು ಹೇಳಿದರೋ, ತಿಳಿಯದೆಯೋ, ದೇವರಿಗೇ ಗೊತ್ತು.
ನೀಲಿ ನಾದಿನಿಗೆ ಹೋಯಿತು. ಕುರುಡಿಗೆ ಬ್ರಶ್ ಯಾಕೆ ಎಂದು ಕಾಲು, ಕೊಕ್ಕನ್ನೂ ನನ್ನಿಂದ ಕಿತ್ತುಕೊಂಡರು.
"ನನಗೆ ಕಾಣುತ್ತೆ!" ಎಂದು ಕಿರುಚಿಬಿಟ್ಟೆ. "ಎಲ್ಲಾ ಸರಿಯಾಗೇ ಕಾಣುತ್ತೆ!"
ಗಂಡ ನನ್ನ ಕಡೆ ತಿರುಗಿದರು.
"ಕಾಣ್ತಿತ್ತಾ?"
ಬೇಕೆಂದೇ ಸುಳ್ಳು ಹೇಳಿದ್ದನ್ನು ನನ್ನ ಬಾಯಿಂದಲೇ ಒಪ್ಪಿಕೊಂಡಿದ್ದೆ ಎಂದು ಆಗ ಹೊಳೆಯಿತು.