ಇಪ್ಪತ್ತಾರು ಗೂಡುಗಳ ವಿಚಾರಣೆ

ಹಿನ್ನೀರಿನ ನಡುಗಡ್ಡೆ, ಬೀಳಗಿ ತಾಲ್ಲೂಕು
೯ ಮೇ ೨೦೨೫

ರಬಕವಿ-ಬನಹಟ್ಟಿಯ ಸಮಸ್ತ ಮಗ್ಗಗಳ ಸದ್ದನ್ನು ಒಂದೇ ಕೂಗಿಗೆ ಅಡಗಿಸಬಲ್ಲ, ಓಣಿಯ ಸಕಲ ಜಗಳಗಳ ಅಂತಿಮ ನ್ಯಾಯಾಧೀಶೆ, ತಮ್ಮನ ಎರಡೂ ಕಿವಿಗಳ ಏಕೈಕ ಹಕ್ಕುದಾರಳಾದ ಗಂಗಾಂಬಿಕಾ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಜಲಬಂಧಿತ ಗೌರೀಶನ ದೀರ್ಘದಂಡ ನಮಸ್ಕಾರಗಳು.

ಮೂರು ವಾರ ಪತ್ರವಿಲ್ಲವೆಂದು ಬೈದಿರುತ್ತೀ. ಇಲ್ಲಿ ಸಿಗ್ನಲ್ ಇಲ್ಲ, ದೋಣಿ ವಾರಕ್ಕೊಮ್ಮೆ. ನಿನ್ನ ಬೈಗುಳವೂ ದಡದಲ್ಲೇ ಕಾಯುತ್ತಿರಬೇಕು.

ನಮ್ಮ ಸಂಸ್ಥಾನದ ವೈಭವ ಕೇಳು: ಎರಡು ಗುಡಾರ, ಒಂದು ಒಲೆ, ನಾಲ್ಕು ಜನ. ನದಿ ರೀವವೆಂಬ ಕಪ್ಪು ಟೊಪ್ಪಿಗೆಯ ಹಕ್ಕಿ ಬರಿ ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ಅದನ್ನು ಅಭ್ಯಾಸ ಮಾಡುವವರು ಸರಿತಾ ಮೇಡಮ್. ಹಕ್ಕಿಗೆ ಕಾಣದಂತೆ ಕಟ್ಟಿದ ಮರೆಗೂಡಿನಲ್ಲಿ ದುರ್ಬೀನು ಹಿಡಿದು ಕೂರುವವರು ನಿವೃತ್ತ ವಿಜ್ಞಾನ ಮಾಸ್ತರ ಶಿವಯೋಗೆಪ್ಪ. ದೋಣಿಯೂ ಕಾವಲೂ ಧರೆಪ್ಪನದು, ಹನ್ನೊಂದು ವರ್ಷದಿಂದ. ರೊಟ್ಟಿ ಕರಕು ಮಾಡುವವನು, ಅಕ್ಷರ ದುಂಡಗಿವೆಯೆಂದು ವರದಿ ಬರೆಯುವವನು ನಾನು. ಹಕ್ಕಿ ಬೆದರಬಾರದೆಂದು ಇಲ್ಲಿ ಜಗಳವೂ ಪಿಸುಮಾತಿನಲ್ಲೇ. ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಮಾಸ್ತರರು ಅರ್ಧ ತಾಸು ಪಿಸುಗುಟ್ಟಿದ್ದನ್ನು ನೀನು ನೋಡಬೇಕಿತ್ತು.

ಇನ್ನು ನಗುವ ಸುದ್ದಿಯಿಲ್ಲ. ಏಪ್ರಿಲ್ ಇಪ್ಪತ್ತೆರಡರ ಮಧ್ಯಾಹ್ನ ರೀವಗಳೆಲ್ಲ ಒಮ್ಮೆಗೇ ಎದ್ದವು. ಕಾಲು ತಾಸು ಕೆಳಗಿಳಿಯಲೇ ಇಲ್ಲ. ಆ ಹೊತ್ತಿನ ಮರಳ ಮೇಲೆ ಬರಿಗಾಲಿಡಲು ಆಗುವುದಿಲ್ಲ ಅಕ್ಕಾ. ತಾಯಿಹಕ್ಕಿ ನೀರಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ನೆರಳಾಗಿ ಕೂತರಷ್ಟೇ ಮೊಟ್ಟೆ ಬದುಕುತ್ತದೆ. ಮರಿ ಬರಲು ಇನ್ನೆರಡೇ ದಿನವಿತ್ತು. ಎರಡು ದಿನ ಹೋಯಿತು, ವಾರ ಹೋಯಿತು. ಇಪ್ಪತ್ತಾರು ಗೂಡಿನಲ್ಲಿ ಒಂದೂ ಒಡೆಯಲಿಲ್ಲ. ಮೇಡಮ್ ಒಂದನ್ನು ಬಿಡಿಸಿ ನೋಡಿದರು. ಒಳಗೆ ಮರಿ ಪೂರ್ತಿ ಆಗಿತ್ತು. ಕೊಕ್ಕು, ಉಗುರು, ಮುಚ್ಚಿದ ಕಣ್ಣು. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ವಿಚಾರಣೆಯಾಯಿತು. ಆ ಹೊತ್ತಿಗೆ ಮರೆಗೂಡಿನಲ್ಲಿದ್ದ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ, "ನಾಯಿ ಬಂದಂಗಿತ್ರೀ" ಅಂದರು. ಇಲ್ಲಿ ನಾಯಿಯೆಂದರೆ ಒಂದೇ, ಧರೆಪ್ಪನ ಮುಧೋಳ ತಳಿಯದು, ದೋಣಿಯಲ್ಲೇ ಮಲಗುವಂಥದು.

"ನನ್ನ ನಾಯಿ ದೋಣಿ ಬಿಟ್ಟು ಇಳಿದಿಲ್ರೀ ಮೇಡಮ್ಮರ," ಅಂದ ಧರೆಪ್ಪ. ಒಂದೇ ಸಲ.

ಅವನನ್ನು ಕೆಲಸದಿಂದ ಬಿಡಿಸಬೇಕೆಂಬ ಮೇಡಮ್ಮರ ವರದಿಯನ್ನು ನಾನೇ ದುಂಡಗೆ ಬರೆದೆ. ಬೀಳಗಿಯ ಕಚೇರಿಗೆ ಒಯ್ಯಲು ಬೇರೆ ಯಾರೂ ಇರಲಿಲ್ಲ. ಮೊನ್ನೆ ಧರೆಪ್ಪನೇ ಒಯ್ದ. ಅವನಿಗೆ ಓದು ಬಾರದು. ಒದ್ದೆಯಾಗದಿರಲೆಂದು ಲಕೋಟೆಯನ್ನು ತನ್ನ ರುಮಾಲಿನಲ್ಲಿ ಸುತ್ತಿಕೊಂಡ.

ಅವ್ವನಿಗೆ ನಾನು ಆರಾಮಿದ್ದೇನೆಂದು ಹೇಳು. ನಿನ್ನ ಮಗ್ಗದ ನೂಲು ಹರಿಯದಿರಲಿ, ನಿನ್ನ ಮನೆ ತಂಪಾಗಿರಲಿ.

ನಿನ್ನ ತಮ್ಮ,
ಗೌರೀಶ

ತಾ.ಕ.: ನಾಯಿ ಬಂದಿರಲಿಲ್ಲ. ಅವತ್ತು ಮಾಸ್ತರರು ಮರೆಗೂಡಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಅದನ್ನು ಮುಚ್ಚಲು ನಾಯಿ ಹುಟ್ಟಿಸಿದರು. ಅವರನ್ನು ಬೆಚ್ಚಿಬೀಳಿಸಲೆಂದು ನಾನು ಜಾಲಿಗಿಡದ ಹಿಂದೆ ಅಡಗಿ, ಹದ್ದು ಕಂಡಾಗ ರೀವ ಕೂಗುವಂತೆ ಕೂಗಿದೆ. ಹಕ್ಕಿಗಳೆದ್ದವು, ಮಾಸ್ತರರು ಏಳಲಿಲ್ಲ. ಮತ್ತೆ ಕೂಗಿದೆ. ಅವರು ಏಳುವ ತನಕ ಕೂಗಿದೆ. ಆ ಕೂಗು ನನಗೆ ಕಲಿಸಿದವನು ಧರೆಪ್ಪ.

ದೋಣಿ ಹತ್ತುವಾಗ ಅವನು ನನ್ನ ಹತ್ತಿರ ಬಂದು ಮೆಲ್ಲಗೆ, "ಕೂಗು ಛಲೋ ಕಲ್ತಿ ತಮ್ಮಾ. ಇನ್ನ ಮ್ಯಾಲೆ ಬಿಸಿಲಾಗ ಕೂಗಬ್ಯಾಡ," ಅಂದ.

ಮೇಡಮ್ಮರ ಗುಡಾರದ ತನಕ ನಾಲ್ಕು ಸಲ ಹೋಗಿ ಬಂದಿದ್ದೇನೆ. ಖರೆ ಹೇಳಬೇಕೆಂದರೆ ಈ ಹಾಳೆ ತಗೊಂಡು ಕೂತದ್ದು ಅವರಿಗೇ ಬರೆಯಲು. ಅವರ ಹೆಸರು ಬರೆಯಲು ಕೈ ಏಳಲಿಲ್ಲ, ನಿನ್ನ ಹೆಸರು ಬರೆದೆ.